ಇಲ್ಲಿ ಹೆಂಡತಿ, ಅಲ್ಲಿ ಯಾರು?

ಮದುವೆ ಛತ್ರದಲ್ಲಿ ಊಟದ ಪಂಕ್ತಿಗೆ ಕೂತಾಗ ಕಿವಿಗೆ ಬೀಳುವ ಮಾತುಗಳನ್ನು ನೀವೂ ಕೇಳಿರುತ್ತೀರಿ. "ಹುಡುಗ ಅಮೆರಿಕದಲ್ಲಿದ್ದಾನಂತೆ ಕಣ್ರೀ!" "ಸಂಬಳ ಎಷ್ಟಂತೆ?" "ಅದೇನೋಪ್ಪ, ಸ್ವಂತ ಮನೆಯಂತೆ, ಎರಡು ಕಾರಂತೆ." "ಅತ್ತೆ ಮಾವ ಇಲ್ಲೇ ಇರ್ತಾರಂತೆ, ಹುಡುಗಿ ಪುಣ್ಯ ಮಾಡಿದ್ಳು ಬಿಡಿ." ಹೋಳಿಗೆಯ ಮೇಲೆ ತುಪ್ಪ ಬೀಳುವಷ್ಟರಲ್ಲಿ ಹುಡುಗನ ಗೋತ್ರ, ನಕ್ಷತ್ರ, ಬಣ್ಣ, ಕನ್ನಡಕದ ಪವರು ಎಲ್ಲವೂ ಚರ್ಚೆಯಾಗಿ ಮುಗಿದಿರುತ್ತದೆ. ಆದರೆ ಒಂದು ಪ್ರಶ್ನೆಯನ್ನು ಯಾವ ಛತ್ರದಲ್ಲೂ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಹುಡುಗ ಆ ದೇಶದಲ್ಲಿ ಯಾವ ಕಾಗದದ ಮೇಲೆ ಇದ್ದಾನೆ? ನಮ್ಮ ಹುಡುಗಿ ಯಾವ ಕಾಗದದ ಮೇಲೆ ಹೋಗುತ್ತಾಳೆ?

ಮೈಸೂರಿನ ನನ್ನ ಗೆಳತಿಯೂ ಕೇಳಿರಲಿಲ್ಲ. ಆಕೆಯ ಮಗಳು ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದವಳು. ಒಳ್ಳೆಯ ಮನೆತನ, ನ್ಯೂಜೆರ್ಸಿಯ ವರ. ಮದುವೆಯಾಗಿ, ಕೆಲಸಕ್ಕೆ ರಾಜೀನಾಮೆ ಕೊಟ್ಟು, ಎರಡು ಸೂಟ್‌ಕೇಸಿನ ತುಂಬ ಸಾರಿನ ಪುಡಿ, ಚಟ್ನಿಪುಡಿ, ರೇಷ್ಮೆ ಸೀರೆ ತುಂಬಿಕೊಂಡು ಹೊರಟಳು. ಮೂರು ವರ್ಷ ಕಳೆದ ಮೇಲೆ ನಾದಿನಿಯ ಸೀಮಂತಕ್ಕೆಂದು ಗಂಡಹೆಂಡತಿ ಊರಿಗೆ ಬಂದರು. ಆಕೆಯ ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ಹಿಂದಿರುಗಲು ಹೊಸದು ಹಾಕಿಸಬೇಕಾಗಿತ್ತು. "ನನ್ನ ರಜೆ ಮುಗೀತು, ನೀನು ಸ್ಟ್ಯಾಂಪಿಂಗ್ ಮುಗಿಸಿಕೊಂಡು ಬಾ" ಎಂದು ಗಂಡ ವಿಮಾನ ಹತ್ತಿದ. ಸ್ಟ್ಯಾಂಪಿಂಗಿಗೆ ಬೇಕಾದದ್ದು ಆತನ ಕಾಗದಗಳು: ಆತನ ವೀಸಾ ಮಂಜೂರಾತಿ ಪತ್ರ, ಕಂಪನಿಯ ಪತ್ರ, ಸಂಬಳದ ಚೀಟಿ. ಅವು ಇವತ್ತು ಬರುತ್ತವೆ, ನಾಳೆ ಬರುತ್ತವೆ ಎಂದು ಆಕೆ ತವರಿನಲ್ಲಿ ಕಾದಳು. ಎಂಟು ತಿಂಗಳ ಮೇಲೆ ಕೊರಿಯರ್ ಬಂತು. ಅದರಲ್ಲಿದ್ದದ್ದು ಅಮೆರಿಕದ ನ್ಯಾಯಾಲಯದ ವಿಚ್ಛೇದನದ ನೋಟೀಸು.

ಹೊಡೆದಿಲ್ಲ, ಬೈದಿಲ್ಲ, ಪಾಸ್‌ಪೋರ್ಟ್ ಕದ್ದಿಲ್ಲ. ಕಾಗದ ಕಳಿಸಲಿಲ್ಲ, ಅಷ್ಟೆ. ಆ ಮನೆಯಲ್ಲಿದ್ದ ಆಕೆಯ ಬಟ್ಟೆಬರೆ, ಸಬ್ಬಸಿಗೆ ಬೆಳೆದಿದ್ದ ಕುಂಡ ಸಹ ಅಲ್ಲೇ ಉಳಿದವು.

ಮೂರು ಬಗೆಯ ವರಗಳು

"ಅಮೆರಿಕದ ವರ" ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆ ದೇಶದ ವಲಸೆ ಕಾನೂನಿನ ಕಣ್ಣಿಗೆ ಮಾತ್ರ ಅವರು ಮೂರು ಬೇರೆ ಬೇರೆ ಜಾತಿ. ಈ ಜಾತಿಯನ್ನು ಮಾತ್ರ ಧಾರಾಳವಾಗಿ ವಿಚಾರಿಸಬಹುದು.

ಮೊದಲನೆಯವನು ಎಚ್-1ಬಿ ವೀಸಾದವನು. ಕಂಪನಿಯೊಂದು ಕೆಲಸಕ್ಕೆಂದು ಕರೆಸಿಕೊಂಡವನು. ನಮ್ಮ ಸಾಫ್ಟ್‌ವೇರ್ ಹುಡುಗರಲ್ಲಿ ಬಹುಮಂದಿ ಹೋಗುವುದು ಹೀಗೆಯೇ. ಅವನ ಹೆಂಡತಿಗೆ ಸಿಗುವುದು ಎಚ್-4, ಅಂದರೆ ಅವಲಂಬಿತೆಯ ವೀಸಾ. ಆ ದೇಶದಲ್ಲಿ ಇರಬಹುದು, ಓದಬಹುದು, ಅಡುಗೆ ಮಾಡಬಹುದು! ಸಂಪಾದಿಸುವಂತಿಲ್ಲ. 2015ರ ಮೇ 26ರಿಂದ ಒಂದು ಸಡಿಲಿಕೆ ಜಾರಿಗೆ ಬಂತು. ಗಂಡನ ಪರವಾಗಿ ಕಂಪನಿ ಸಲ್ಲಿಸಿದ ಗ್ರೀನ್ ಕಾರ್ಡಿನ ಮನವಿ ಮಂಜೂರಾಗಿದ್ದರೆ, ಅಥವಾ ಅದೇ ದಾರಿಯಲ್ಲಿ ಆತನ ವೀಸಾ ಆರು ವರ್ಷ ದಾಟಿ ಮುಂದುವರಿದಿದ್ದರೆ, ಹೆಂಡತಿ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಹೊಸದಾಗಿ ಹೋದವನ ಹೆಂಡತಿಗೆ ಈ ಭಾಗ್ಯವಿಲ್ಲ. "ಗ್ರೀನ್ ಕಾರ್ಡಿಗೆ ಹಾಕಿದ್ದಾನೆ" ಎಂಬುದಕ್ಕೂ "ಬಂದಿದೆ" ಎಂಬುದಕ್ಕೂ ಭೂಮಿ ಆಕಾಶದ ಅಂತರ. ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ಇಷ್ಟೇ ಎಂದು ಶೇಕಡಾ 7ರ ಮಿತಿ ಇರುವುದರಿಂದ ಭಾರತದವರ ಸಾಲು ಹನುಮಂತನ ಬಾಲದಂತೆ ಬೆಳೆದಿದೆ. ಸಾಲಿನಲ್ಲಿ ನಿಂತಿರುವಾಗಲೇ ಮಕ್ಕಳು ದೊಡ್ಡವರಾಗಿ, 21 ತುಂಬಿದ ದಿನ ಎಚ್-4 ಕಳೆದುಕೊಳ್ಳುತ್ತಾರೆ. ಇನ್ನು ಗಂಡನ ಕೆಲಸ ಹೋಯಿತೋ, ಬೇರೆ ಕಂಪನಿ ಹುಡುಕಿಕೊಳ್ಳಲು ಸಾಮಾನ್ಯವಾಗಿ 60 ದಿನ. ಮನೆಮಂದಿಗೆಲ್ಲ ಅದೇ ಗಡುವು.

ಈಗೀಗ ಹುಡುಗಿಯೇ ಎಚ್-1ಬಿ, ಗಂಡನೇ ಎಚ್-4 ಆಗಿರುವ ಮನೆಗಳೂ ಉಂಟು. ಅಂಥ ಒಬ್ಬ ಅಳಿಯಂದಿರು "ನಾನೀಗ ಇಡ್ಲಿ ಹಿಟ್ಟು ಹುದುಗಿಸೋದರಲ್ಲಿ ಎಕ್ಸ್‌ಪರ್ಟ್ ಅತ್ತೆ" ಎಂದು ಫೋನಿನಲ್ಲಿ ಹೇಳಿದ್ದನ್ನು ಕೇಳಿ ನನಗೆ ನಗುವೂ ಬಂತು, ಸ್ವಲ್ಪ ಸಮಾಧಾನವೂ ಆಯಿತು.

ಎರಡನೆಯವನು ಗ್ರೀನ್ ಕಾರ್ಡ್ ಇರುವವನು, ಅಂದರೆ ಕಾಯಂ ನಿವಾಸಿ. ಇಲ್ಲಿ ನಮ್ಮ ಹಿರಿಯರು ಮುಗ್ಗರಿಸುವ ಕಲ್ಲೊಂದಿದೆ. ಹುಡುಗನಿಗೆ ಕಂಪನಿಯ ಮೂಲಕ ಗ್ರೀನ್ ಕಾರ್ಡ್ ಬರುವ ಮೊದಲೇ ಮದುವೆ ಆಗಿದ್ದರೆ, ಆತನ ಜೊತೆಗೆ ಅಥವಾ ಹಿಂದಿನಿಂದ ಹೋಗಿ ಸೇರುವ ಹಕ್ಕು ಹೆಂಡತಿಗೆ ಆ ಅರ್ಜಿಯಲ್ಲೇ ಇರುತ್ತದೆ. ಕಾರ್ಡ್ ಬಂದ ಮಾರನೇ ದಿನ ತಾಳಿ ಕಟ್ಟಿದರೆ ಆ ಹಕ್ಕಿಲ್ಲ. ಆತ ಹೊಸದಾಗಿ ಹೆಂಡತಿಗೆಂದು ಅರ್ಜಿ ಹಾಕಬೇಕು, ಆಕೆ ಸಂಖ್ಯೆಯ ಮಿತಿಯಿರುವ ಸಾಲಿನಲ್ಲಿ ಕಾಯಬೇಕು. ಆಷಾಢ ಕಳೆಯಲಿ, ಶೂನ್ಯಮಾಸ ಮುಗಿಯಲಿ ಎಂದು ಮುಹೂರ್ತ ಮುಂದೂಡುವವರು ಆ ಕಾರ್ಡಿನ ದಿನಾಂಕವನ್ನೂ ಪಂಚಾಂಗದ ಪಕ್ಕದಲ್ಲಿಟ್ಟುಕೊಂಡು ನೋಡುವುದು ಮೇಲು.

ಮೂರನೆಯವನು ಅಮೆರಿಕದ ಪೌರ. ಪೌರನ ಹೆಂಡತಿಗೆ ಸಂಖ್ಯೆಯ ಮಿತಿಯಿಲ್ಲ, ಅವಳಿಗೆ ನೇರವಾಗಿ ಗ್ರೀನ್ ಕಾರ್ಡೇ ಸಿಗುತ್ತದೆ. ಹಾಗೆಂದು ನಿಶ್ಚಿಂತೆಯಾಗಿ ಕೂರುವಂತಿಲ್ಲ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಸ್ತೂರಬಾ ಕೇಳಿದ ಪ್ರಶ್ನೆ

ನನ್ನ ಗೆಳತಿಯ ಮಗಳ ಕಥೆಯಲ್ಲಿ ಮುಂದೇನಾಯಿತೆಂದು ಹೇಳುವ ಮೊದಲು ಒಂದು ಹಳೆಯ ಪ್ರಸಂಗ ನೆನಪಾಗುತ್ತದೆ. ಹೆಂಡತಿ ಹೌದೋ ಅಲ್ಲವೋ ಎಂದು ಪರದೇಶದ ಕಚೇರಿ ತೀರ್ಮಾನಿಸುವುದು ಇಂದು ನಿನ್ನೆಯ ಮಾತಲ್ಲ.

1913ರ ಮಾರ್ಚ್ 14ರಂದು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಲ್ಲಿ ನ್ಯಾಯಮೂರ್ತಿ ಸರ್ಲ್ ಒಂದು ತೀರ್ಪು ಕೊಟ್ಟರು. ಅಲ್ಲಿ ನೆಲೆಸಿದ್ದ ಭಾರತೀಯನೊಬ್ಬನ ಹೆಂಡತಿ ಗಂಡನನ್ನು ಸೇರಲು ಹಡಗಿನಲ್ಲಿ ಬಂದಿದ್ದಳು. ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಲ್ಲಿ ಆದ ಮದುವೆಯನ್ನು ಆ ದೇಶದ ಕಾನೂನು ಮದುವೆಯೆಂದು ಒಪ್ಪುವುದಿಲ್ಲ, ಆದ್ದರಿಂದ ಆಕೆ ಹೆಂಡತಿಯೆಂದು ದೇಶದೊಳಕ್ಕೆ ಬರುವಂತಿಲ್ಲ ಎಂದಿತು ತೀರ್ಪು. ಹಿಂದೂ, ಮುಸಲ್ಮಾನ, ಪಾರ್ಸಿ ಹೆಂಗಸರೆಲ್ಲ ಒಂದೇ ದಿನದಲ್ಲಿ ಹೆಂಡಿರಲ್ಲದವರಾದರು. ಮಕ್ಕಳ ಹಕ್ಕಿಗೂ ಕುತ್ತು ಬಂತು.

ಎಳೆಯ ವಯಸ್ಸಿನಲ್ಲಿ ಪೋರಬಂದರಿನಲ್ಲಿ ಸಪ್ತಪದಿ ತುಳಿದು, ನಾಲ್ಕು ಗಂಡುಮಕ್ಕಳನ್ನು ಹೆತ್ತಿದ್ದ ಕಸ್ತೂರಬಾ ಇದನ್ನು ಕೇಳಿ, ಹಾಗಾದರೆ ಈ ದೇಶದಲ್ಲಿ ನಾನು ನಿಮ್ಮ ಹೆಂಡತಿಯಲ್ಲವೇ ಎಂದು ಗಾಂಧೀಜಿಯನ್ನು ಕೇಳಿದರಂತೆ. ಆವರೆಗೆ ಗಂಡಸರದಾಗಿದ್ದ ಸತ್ಯಾಗ್ರಹಕ್ಕೆ ಹೆಂಗಸರು ಇಳಿದದ್ದು ಆಗ. 1913ರ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಮತ್ತು ಸಂಗಡಿಗರು ಬಂಧಿತರಾಗಿ ಮೂರು ತಿಂಗಳ ಕಠಿಣ ಸಜೆ ಅನುಭವಿಸಿದರು. ಜೊಹಾನ್ಸ್‌ಬರ್ಗಿನ ತಮಿಳು ಹುಡುಗಿ ವಳ್ಳಿಯಮ್ಮಳಿಗೆ ಆಗ ಇನ್ನೂ ಹದಿನಾರು. ಜ್ವರ ಹೊತ್ತು ಸೆರೆಮನೆಯಿಂದ ಹೊರಬಂದ ಆಕೆ 1914ರ ಫೆಬ್ರವರಿ 22ರಂದು ತೀರಿಕೊಂಡಳು. ಅದೇ ವರ್ಷ ಬಂದ ಕಾಯಿದೆ ಒಬ್ಬನಿಗೆ ಒಬ್ಬ ಹೆಂಡತಿ ಎಂಬ ಮಿತಿಯೊಳಗೆ ನಮ್ಮ ಮದುವೆಗಳನ್ನು ಒಪ್ಪಿಕೊಂಡಿತು. ಮದುವೆಯ ಸರ್ಟಿಫಿಕೇಟಿನ ಹಿಂದೆ ಒಂದು ಹುಡುಗಿಯ ಪ್ರಾಣ ಇದೆ ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇನ್ನೊಂದು ಪ್ರಸಂಗವನ್ನು ಬರೆಯಲು ಕೈ ಹಿಂಜರಿಯುತ್ತದೆ. 1979ರ ಜನವರಿಯಲ್ಲಿ, ನಿಶ್ಚಯವಾಗಿದ್ದ ವರನನ್ನು ಮದುವೆಯಾಗಲು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದ ಭಾರತದ ಶಿಕ್ಷಕಿಯೊಬ್ಬರಿಗೆ 35 ವರ್ಷ. ಮದುವೆಯಾಗಲು ಬರುವವಳಿಗೆ ಮುಂಚಿತ ವೀಸಾ ಬೇಕಿರಲಿಲ್ಲ, ಮದುವೆಯಾಗಿರುವವಳಿಗೆ ಬೇಕಿತ್ತು. ಈಕೆಗೆ ಆಗಲೇ ಮದುವೆಯಾಗಿರಬಹುದೆಂದು ಅಧಿಕಾರಿಗಳಿಗೆ ಸಂಶಯ ಬಂದು, ವೈದ್ಯರಿಂದ ಕನ್ಯತ್ವ ಪರೀಕ್ಷೆ ಮಾಡಿಸಿದರು. ಸುದ್ದಿ ಪತ್ರಿಕೆಯಲ್ಲಿ ಬಂದು, ಭಾರತ ಸರ್ಕಾರ ಪ್ರತಿಭಟಿಸಿದ ಮೇಲೆ ಆ ಪದ್ಧತಿ ನಿಂತಿತು.

ಮೈಸೂರಿನಲ್ಲಿ ಒಂದು, ನ್ಯೂಜೆರ್ಸಿಯಲ್ಲಿ ಒಂದು

ಈಗ ನಮ್ಮ ಹುಡುಗಿಯ ಕಥೆಗೆ ಬರೋಣ. ನೋಟೀಸು ಕಂಡ ಕೂಡಲೇ ಗೆಳತಿಯ ಯಜಮಾನರು "ನಾವೂ ಅಲ್ಲಿ ಲಾಯರ್ ಇಟ್ಟು ವಾದಿಸೋಣ" ಎಂದು ಹಾರಾಡಿದರು. ಆಕೆಯ ಸೋದರಮಾವ ವಕೀಲರು. "ದುಡುಕಬೇಡಿ ಭಾವ" ಎಂದು ತಡೆದರು. 1991ರಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ಮುಖ್ಯ ತೀರ್ಪು ಕೊಟ್ಟಿದೆ. ಹಿಂದೂ ವಿವಾಹ ಕಾಯಿದೆಯಂತೆ ಆದ ಮದುವೆಯನ್ನು ಆ ಕಾಯಿದೆಯಲ್ಲಿಲ್ಲದ ಕಾರಣದ ಮೇಲೆ ಪರದೇಶದ ನ್ಯಾಯಾಲಯ ಮುರಿದರೆ, ಹೆಂಡತಿ ಅದಕ್ಕೆ ಒಪ್ಪದೆ, ತಾನಾಗಿ ಆ ನ್ಯಾಯಾಲಯದ ಅಧಿಕಾರಕ್ಕೆ ಒಳಪಡದೆ ಇದ್ದಾಗ, ಆ ವಿಚ್ಛೇದನಕ್ಕೆ ಭಾರತದಲ್ಲಿ ಮಾನ್ಯತೆಯಿಲ್ಲ. "ಹೊಂದಾಣಿಕೆ ಸರಿಪಡಿಸಲಾರದಷ್ಟು ಕೆಟ್ಟಿದೆ" ಎಂಬ ಕಾರಣ ಅಲ್ಲಿ ಸಾಕು, ನಮ್ಮ ಕಾಯಿದೆಯಲ್ಲಿ ಅದು ಇಲ್ಲ. ಅಲ್ಲಿ ಹೋಗಿ ವಾದಿಸಿದರೆ ಆ ನ್ಯಾಯಾಲಯದ ಅಧಿಕಾರವನ್ನು ಒಪ್ಪಿದಂತೆ ಆಗಬಹುದು. ಸುಮ್ಮನಿದ್ದರೆ ಜೀವನಾಂಶ, ಆಸ್ತಿಯ ಮಾತು ಅಲ್ಲಿ ಏಕಪಕ್ಷೀಯವಾಗಿ ಮುಗಿಯಬಹುದು. ಎರಡು ದಾರಿಗೂ ಬೆಲೆ ಇದೆ. ನೋಟೀಸಿಗೆ ಉತ್ತರ ಬರೆಯುವ ಮೊದಲು ಎರಡೂ ದೇಶದ ಕಾನೂನು ಬಲ್ಲವರನ್ನು ಕೇಳಬೇಕು ಎನ್ನುವುದು ಇದಕ್ಕೇ.

ಮನೆಯವರು ಸುಮ್ಮನಿದ್ದರು. ಅಲ್ಲಿ ವಿಚ್ಛೇದನ ಆಯಿತು. ಫಲವೇನೆಂದರೆ, ಮೈಸೂರಿನಲ್ಲಿ ಆಕೆ ಇನ್ನೂ ಆತನ ಹೆಂಡತಿ, ನ್ಯೂಜೆರ್ಸಿಯಲ್ಲಿ ಅಲ್ಲ. ಎಚ್-4 ನಿಂತಿರುವುದು ಮದುವೆಯ ಮೇಲೆ. ಅಲ್ಲಿಯ ಲೆಕ್ಕದಲ್ಲಿ ಮದುವೆ ಮುಗಿದ ದಿನ ಅದೂ ಮುಗಿಯಿತು. ಇಲ್ಲಿ ಬಿಡುಗಡೆ ಬೇಕೆಂದರೆ ಆಕೆ ಇಲ್ಲಿಯ ಕುಟುಂಬ ನ್ಯಾಯಾಲಯಕ್ಕೇ ಹೋಗಬೇಕಾಯಿತು.

ಆಕೆ ಅಮೆರಿಕದಲ್ಲೇ ಇದ್ದಾಗ ಇದು ನಡೆದಿದ್ದರೆ? ವಿಚ್ಛೇದನದ ಆದೇಶ ಹೊರಬೀಳುವ ಮೊದಲೇ ವಿದ್ಯಾರ್ಥಿ ವೀಸಾಕ್ಕೋ ಇನ್ನೊಂದಕ್ಕೋ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬೇಕಿತ್ತು. ಗಂಡ ಹಿಂಸಿಸುವವನಾದರೆ ಮತ್ತೂ ಕಷ್ಟ. ಪೌರನ ಅಥವಾ ಗ್ರೀನ್ ಕಾರ್ಡಿನವನ ಹೆಂಡತಿಯಾದರೆ, 1994ರ ಕಾಯಿದೆಯೊಂದರ ಪ್ರಕಾರ ಗಂಡನಿಗೆ ತಿಳಿಯದಂತೆ ತಾನೇ ಗ್ರೀನ್ ಕಾರ್ಡಿಗೆ ಮನವಿ ಸಲ್ಲಿಸಬಹುದು. ಎಚ್-4ನವಳಿಗೆ ಆ ಬಾಗಿಲಿಲ್ಲ. 2005ರ ತಿದ್ದುಪಡಿಯಲ್ಲಿ ಹಿಂಸೆಗೊಳಗಾದ ಅಂಥ ಹೆಂಡತಿಗೆ ಕೆಲಸದ ಪರವಾನಗಿ ಕೊಡಲು ಅವಕಾಶ ಮಾಡಲಾಯಿತು, ಅಷ್ಟೆ. ನಮ್ಮ ಕಡೆಯ ಹೆಂಗಸರ ಭಾಷೆ, ಮನೆಯ ರೀತಿನೀತಿ ಅರಿತು ನೆರವಾಗುವ ಸಂಸ್ಥೆಗಳು ಅಲ್ಲಿವೆ. ನ್ಯೂಜೆರ್ಸಿಯಲ್ಲಿ 1985ರಲ್ಲಿ ಹುಟ್ಟಿದ ಮಾನವಿ, ನ್ಯೂಯಾರ್ಕಿನ ಸಖಿ, ಕ್ಯಾಲಿಫೋರ್ನಿಯದ ಮೈತ್ರಿ. ಮಗಳಿಗೆ ಸಾರಿನ ಪುಡಿಯ ಪೊಟ್ಟಣದ ಜೊತೆ ಈ ಹೆಸರುಗಳನ್ನೂ ಬರೆದು ಕೊಟ್ಟರೆ ಅಪಶಕುನವೇನಲ್ಲ. ಇಲ್ಲಿ ಉಳಿದವರಿಗೆ ದೆಹಲಿಯ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಮದುವೆಗಳ ದೂರಿಗೆಂದೇ ಒಂದು ಘಟಕವಿದೆ. ಕೋರ್ಟಿನ ವಾರಂಟಿಗೂ ಸಮನ್ಸಿಗೂ ಜಗ್ಗದ ಗಂಡನ ಭಾರತೀಯ ಪಾಸ್‌ಪೋರ್ಟನ್ನು ತಡೆಹಿಡಿಯಲು 1967ರ ಪಾಸ್‌ಪೋರ್ಟ್ ಕಾಯಿದೆಯಲ್ಲಿ ಅವಕಾಶವಿದೆ.

ಎರಡು ವರ್ಷದ ಪರೀಕ್ಷೆ

ಪೌರನ ಹೆಂಡತಿಯ ವಿಷಯಕ್ಕೆ ಆಮೇಲೆ ಬರುತ್ತೇನೆ ಎಂದಿದ್ದೆ. ಆಕೆ ಗ್ರೀನ್ ಕಾರ್ಡ್ ಪಡೆಯುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ, ಸಿಗುವುದು ಎರಡೇ ವರ್ಷದ ಷರತ್ತಿನ ಕಾರ್ಡು. ಸುಳ್ಳು ಮದುವೆಗಳನ್ನು ತಡೆಯಲೆಂದು 1986ರಲ್ಲಿ ತಂದ ಕಾಯಿದೆ ಇದು. ಅವಧಿ ಮುಗಿಯುವ ಮುಂಚಿನ 90 ದಿನಗಳೊಳಗೆ ಗಂಡಹೆಂಡತಿ ಇಬ್ಬರೂ ಸಹಿ ಹಾಕಿ, ನಾವು ನಿಜವಾಗಿ ಸಂಸಾರ ಮಾಡುತ್ತಿದ್ದೇವೆ ಎಂದು ರುಜುವಾತು ಕೊಡಬೇಕು. ಕೊಡದಿದ್ದರೆ ಕಾರ್ಡು ಹೋಯಿತು. "ನಾನು ಸಹಿ ಹಾಕೋಲ್ಲ, ಗಂಟುಮೂಟೆ ಕಟ್ಟು" ಎಂದು ಗಂಡ ಹೆದರಿಸುವುದು ಇಲ್ಲಿಯೇ. ಎಷ್ಟೋ ಹುಡುಗಿಯರು ಈ ಒಂದು ಸಹಿಗಾಗಿ ಎರಡು ವರ್ಷ ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತಾರೆ.

ಅವರು ತಿಳಿಯಬೇಕಾದ್ದು ಇದು: ಗಂಡನ ಸಹಿಯಿಲ್ಲದೆಯೂ ಆಕೆ ಒಬ್ಬಳೇ ಅರ್ಜಿ ಹಾಕಬಹುದು. ಮದುವೆ ಪ್ರಾಮಾಣಿಕವಾಗಿಯೇ ಆಗಿದ್ದು ಆಮೇಲೆ ವಿಚ್ಛೇದನದಲ್ಲಿ ಮುಗಿದಿದ್ದರೆ, ಅಥವಾ ಹೊಡೆತ, ಕ್ರೌರ್ಯ ಇದ್ದಿದ್ದರೆ, ಸಹಿಯಿಂದ ವಿನಾಯಿತಿ ಕೇಳುವ ಹಕ್ಕು ಕಾಯಿದೆಯಲ್ಲೇ ಇದೆ. ಹೆಂಡತಿಯನ್ನು ಕರೆಸಿಕೊಳ್ಳುವಾಗ ಆಕೆಯ ಜೀವನಕ್ಕೆ ತಾನು ಹೊಣೆ ಎಂದು ಗಂಡ ಬರೆದುಕೊಟ್ಟ ಮುಚ್ಚಳಿಕೆ ಇರುತ್ತದಲ್ಲ, ವಿಚ್ಛೇದನವಾದ ಮಾತ್ರಕ್ಕೆ ಅದೂ ಬಿದ್ದುಹೋಗುವುದಿಲ್ಲ.

ಆದರೆ ಸಂಸಾರ ಮಾಡಿದೆವು ಎನ್ನುವುದಕ್ಕೆ ಸಾಕ್ಷಿ ಏನು? ಅಲ್ಲಿಯ ಅಧಿಕಾರಿಗೆ ಮಂಗಳಸೂತ್ರ ತೋರಿಸಿ ಪ್ರಯೋಜನವಿಲ್ಲ. ಇಬ್ಬರ ಹೆಸರಿನ ಬ್ಯಾಂಕ್ ಖಾತೆ, ಇಬ್ಬರ ಹೆಸರಿರುವ ಬಾಡಿಗೆ ಕರಾರು, ಒಟ್ಟಿಗೆ ಸಲ್ಲಿಸಿದ ತೆರಿಗೆ ಪತ್ರ, ವಿಮೆ, ಮಗುವಿನ ಜನನಪತ್ರ, ಇಬ್ಬರೂ ಇರುವ ಫೋಟೋಗಳು. "ಎಲ್ಲ ಅವರೇ ನೋಡ್ಕೋತಾರೆ, ನನಗೇನೂ ಗೊತ್ತಿಲ್ಲ" ಎಂದು ಹೆಮ್ಮೆಯಿಂದ ಹೇಳುವ ಹುಡುಗಿಯರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಹಾಗೆ ಹೇಳುವುದನ್ನು ಕಲಿಸಿದವರು ನಾವೇ ಎನ್ನುವುದೂ ಮರೆಯುವುದಿಲ್ಲ.

ಮೊದಲ ಕಾಗದ ಇಲ್ಲಿಯದೇ. ಯಾವ ಧರ್ಮದವರದೇ ಆಗಲಿ, ಮದುವೆ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಬೀಗರೂಟ ಮುಗಿದ ಮೇಲೆ ನೋಡೋಣ ಎನ್ನದೆ, ವರ ಊರಿನಲ್ಲಿರುವಾಗಲೇ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿಬನ್ನಿ. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ನಮ್ಮಲ್ಲಿ ಇನಿಷಿಯಲ್ ಉಂಟು, ಮನೆತನದ ಹೆಸರಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದನ್ನೇ ಮನೆತನದ ಹೆಸರಾಗಿ ಬರೆದು, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ! ಅಪ್ಪ ಅಮ್ಮ ತೊಟ್ಟಿಲಲ್ಲಿಟ್ಟು ಮೂರು ಸಲ ಕಿವಿಯಲ್ಲಿ ಹೇಳಿದ ಹೆಸರಿಗೆ ಈ ಗತಿ.

ಮಗುವಿನ ವಿಷಯ ಒಂದು ಮಾತು. ಅಮೆರಿಕದ ಪಾಸ್‌ಪೋರ್ಟ್ ಇರುವ ಮಗು ಭಾರತದ ಪ್ರಜೆಯೂ ಆಗಿರಲು ನಮ್ಮ ಕಾನೂನು ಬಿಡುವುದಿಲ್ಲ. ಅಜ್ಜಿಯ ಮನೆಗೆ ಬರಲೂ ಅದಕ್ಕೆ ವೀಸಾ ಅಥವಾ ಸಾಗರೋತ್ತರ ನಾಗರಿಕ ಕಾರ್ಡು, ಅಂದರೆ ಒಸಿಐ ಬೇಕು. ಜಗಳವಾಡಿಕೊಂಡು, ಗಂಡನ ಒಪ್ಪಿಗೆಯಿಲ್ಲದೆ ಮಗುವನ್ನು ಎತ್ತಿಕೊಂಡು ತವರಿಗೆ ಬಂದುಬಿಟ್ಟರೆ ಅಲ್ಲಿಯ ಕಾನೂನಿನಲ್ಲಿ ಅದು ಮಗುವಿನ ಅಪಹರಣ ಎನಿಸಬಹುದು. ವಿಮಾನ ಹತ್ತುವ ಮೊದಲು ವಕೀಲರನ್ನು ಕಾಣುವುದೇ ಕ್ಷೇಮ.

ನಮ್ಮ ಮನೆಗೆ ಬಂದ ಸೊಸೆ

ಬರೀ ಅವರ ಕಾನೂನನ್ನೇ ಬೈದರೆ ಹೇಗೆ? ನಮ್ಮದನ್ನೂ ನೋಡಬೇಕು. ಪರದೇಶದವನನ್ನು ಮದುವೆಯಾದ ಮಾತ್ರಕ್ಕೆ ಭಾರತದ ಹೆಣ್ಣುಮಗಳ ಪೌರತ್ವ ಹೋಗುವುದಿಲ್ಲ. ತಾನಾಗಿ ಆ ದೇಶದ ಪೌರತ್ವ ತೆಗೆದುಕೊಂಡರೆ ಹೋಗುತ್ತದೆ. ಆದರೆ 1992ರ ಡಿಸೆಂಬರ್ 10ರವರೆಗೆ ವಿದೇಶದಲ್ಲಿ ಹುಟ್ಟಿದ ಮಗುವಿಗೆ ವಂಶದ ಮೂಲಕ ಭಾರತದ ಪೌರತ್ವ ಬರುತ್ತಿದ್ದದ್ದು ತಂದೆಯಿಂದ ಮಾತ್ರ. ಹೆತ್ತ ತಾಯಿ ಬೆಂಗಳೂರಿನವಳೇ ಆಗಿದ್ದರೂ ಲೆಕ್ಕಕ್ಕಿರಲಿಲ್ಲ. ತಿದ್ದಲು ನಮಗೆ ಸ್ವಾತಂತ್ರ್ಯ ಬಂದ ಮೇಲೂ ನಲವತ್ತೈದು ವರ್ಷ ಬೇಕಾಯಿತು.

ನಮ್ಮ ಮಗ ಕರೆತಂದ ವಿದೇಶಿ ಸೊಸೆಯ ಪಾಡೂ ಅಷ್ಟಕ್ಕಷ್ಟೇ. ಮದುವೆ ನೋಂದಣಿಯಾಗಿ ಎರಡು ವರ್ಷ ಬಾಳಿದ ಮೇಲೆ ಆಕೆ ಒಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಏಳು ವರ್ಷ ಇಲ್ಲಿ ನೆಲೆಸಿದ ಮೇಲೆ ಪೌರತ್ವವನ್ನೇ ಕೇಳಬಹುದು. ವಿಚ್ಛೇದನವಾದರೆ ಗಂಡನ ಮೂಲಕ ಬಂದ ಆ ಕಾರ್ಡನ್ನು ರದ್ದು ಮಾಡಬಹುದೆಂದು ನಮ್ಮ ಪೌರತ್ವ ಕಾಯಿದೆಯೂ ಹೇಳುತ್ತದೆ. ಅಕ್ಕಿರೊಟ್ಟಿ ತಟ್ಟುವುದನ್ನು ಕಲಿತು, ಹದಿನೈದು ವರ್ಷ ಇಲ್ಲೇ ಬಾಳಿದವಳಿಗೂ ಅದೇ ನಿಯಮ.

ಗೆಳತಿಯ ಮಗಳಿಗೆ ಕೊನೆಗೆ ನೆರವಾದದ್ದು ಅಮ್ಮನ ಬೀರುವಿನಲ್ಲಿದ್ದ ಒಂದು ಹಳೆಯ ಸೀರೆ ಡಬ್ಬ. ಮದುವೆಯಾದಂದಿನಿಂದ ಮಗಳು ಕಳಿಸಿದ ಪ್ರತಿಯೊಂದು ಕಾಗದದ ಜೆರಾಕ್ಸನ್ನೂ ನನ್ನ ಗೆಳತಿ ಅದರಲ್ಲಿ ಮಡಿಸಿಟ್ಟಿದ್ದರು: ಆತನ ವೀಸಾ ಮಂಜೂರಾತಿ, ಬಾಡಿಗೆ ಕರಾರು, ಬ್ಯಾಂಕಿನ ಲೆಕ್ಕ. ಏಕೆ ಇಟ್ಟಿರೆಂದು ಕೇಳಿದರೆ "ಏನೋಪ್ಪ, ಎಸೆಯೋಕೆ ಮನಸ್ಸು ಬರಲಿಲ್ಲ" ಎಂದರು. ಕುಟುಂಬ ನ್ಯಾಯಾಲಯದಲ್ಲಿ ಆತನ ಸಂಬಳ, ವಿಳಾಸ, ಒಟ್ಟಿಗೆ ಬಾಳಿದ ವರ್ಷಗಳು ಎಲ್ಲದಕ್ಕೂ ಆ ಡಬ್ಬವೇ ಸಾಕ್ಷಿಯಾಯಿತು. ಹುಡುಗಿ ಈಗ ಮತ್ತೆ ಕೆಲಸಕ್ಕೆ ಸೇರಿದ್ದಾಳೆ.

ಹೋದ ತಿಂಗಳು ಆಕೆಯ ಪಾಸ್‌ಪೋರ್ಟಿನ ಅವಧಿ ಮುಗಿದು ಹೊಸದಕ್ಕೆ ಅರ್ಜಿ ಹಾಕಬೇಕಾಯಿತು. ಬೇರ್ಪಟ್ಟವರು, ವಿಚ್ಛೇದನ ಪಡೆದವರು ಗಂಡನ ಹೆಸರು ಬರೆಯಬೇಕಾಗಿಲ್ಲ, ವಿಚ್ಛೇದನದ ಆದೇಶವನ್ನೂ ತೋರಿಸಬೇಕಾಗಿಲ್ಲ ಎಂದು 2016ರ ಡಿಸೆಂಬರಿನಲ್ಲಿ ಸರ್ಕಾರ ನಿಯಮ ಸಡಿಲಿಸಿದೆ. ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಕೇಂದ್ರಕ್ಕೆ ಅಮ್ಮನೂ ಜೊತೆಗೆ ಹೋಗಿದ್ದರು. "ಆ ಜಾಗ ಖಾಲಿ ಬಿಟ್ಟೆಯೇನೇ?" ಎಂದು ಗೆಳತಿ ಕೇಳಿದರಂತೆ. "ಬಿಟ್ಟೆ ಅಮ್ಮ" ಎಂದಳಂತೆ ಮಗಳು. ಬರುವ ದಾರಿಯಲ್ಲಿ ಇಬ್ಬರೂ ದೇವರಾಜ ಮಾರುಕಟ್ಟೆಗೆ ಹೋಗಿ ಮೈಸೂರು ಮಲ್ಲಿಗೆ ಕೊಂಡು ಮನೆಗೆ ಬಂದರು.